ಅರಿಕುಠಾರದಿಂದ ಕುರುಬೂರಿಗೆ

ಪ್ರವಾಸವೆಂದರೆ ದೇವಸ್ಥಾನ, ನದೀಸಂಗಮ, ಬೆಟ್ಟ, ಕಾಡು ಇವುಗಳನ್ನು ನೋಡಿ ಬರುವುದೆಂದೇ ನಮ್ಮಲ್ಲಿ ರೂಢಿ. ಚಾಮರಾಜನಗರದ ಸೀಮೆಗೆ ಹೋಗುವವರಿಗೆ ಇವು ಯಾವುದಕ್ಕೂ ಕೊರತೆಯಿಲ್ಲ. ಬಿಳಿಗಿರಿರಂಗನ ಬೆಟ್ಟವುಂಟು, ಮಲೆಯ ಮಹದೇಶ್ವರನ ಕ್ಷೇತ್ರವುಂಟು, ಮಂಜು ಮುಸುಕಿದ ಗೋಪಾಲಸ್ವಾಮಿಯ ಗಿರಿಯುಂಟು, ಆನೆ ಹುಲಿಗಳ ಬಂಡೀಪುರವುಂಟು. ಆದರೆ ನಾವು ಈ ಸಲ ಆ ಸೀಮೆಯ ದಾರಿ ಹಿಡಿದುದು ಬೇರೊಂದು ಕುತೂಹಲದಿಂದ. ೨೦೨೫ನೆಯ ಇಸವಿ ಜನವರಿ ೧೯ರಂದು ದೆಹಲಿಯಲ್ಲಿ ಮೊಟ್ಟಮೊದಲನೆಯ ಖೊ-ಖೊ ವಿಶ್ವಕಪ್ಪಿನ ಅಂತಿಮ ಪಂದ್ಯಗಳು ನಡೆದುವು. ಹೆಂಗಸರ ಪಂದ್ಯದಲ್ಲಿ ಭಾರತವು ನೇಪಾಳವನ್ನು ಸೋಲಿಸಿತು. ಆ ಪಂದ್ಯದ ಶ್ರೇಷ್ಠ ಆಟಗಾರ್ತಿಯೆಂದು ಹೆಸರು ಪಡೆದವರು ಬಿ. ಚೈತ್ರಾ, ಚಾಮರಾಜನಗರದ ನೆರೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರು ಗ್ರಾಮದ ರೈತಕುಟುಂಬದ ಹೆಣ್ಣುಮಗಳು. ಓಡಿ ಓಡಿ ಕೈಗೆ ಸಿಕ್ಕದೆ ನಿಲ್ಲುವುದನ್ನೇ ವಿದ್ಯೆಯಾಗಿ ಸಾಧಿಸಿದ ಈ ರಕ್ಷಣೆಯ ಆಟಗಾರ್ತಿ ಎಂಥ ನೆಲದಿಂದ ಬಂದವರು, ಆ ನೆಲದಲ್ಲಿ ಇಂಥವರು ಇನ್ನೂ ಎಷ್ಟು ಮಂದಿ ಇದ್ದಾರು ಎಂದು ನೋಡಬೇಕೆಂಬುದೇ ನಮ್ಮ ಅಪೇಕ್ಷೆ.

ಸಂಕ್ರಾಂತಿ ಕಳೆದು ಕೆಲವು ದಿನಗಳಾಗಿದ್ದುವು. ನಾವು ಗುಂಡ್ಲುಪೇಟೆಯಿಂದ ಪಯಣವನ್ನು ಆರಂಭಿಸಿದೆವು. ಈ ಊರು ದಾರಿಗಳ ಊರು. ಮೈಸೂರಿನಿಂದ ಬಂದ ಹೆದ್ದಾರಿ ಇಲ್ಲಿ ಕವಲೊಡೆದು, ಒಂದು ಬಂಡೀಪುರದ ಕಾಡನ್ನು ಹಾದು ಉದಕಮಂಡಲಕ್ಕೂ, ಇನ್ನೊಂದು ವಯನಾಡನ್ನು ಹಾದು ಕಲ್ಲಿಕೋಟೆಗೂ ಹೋಗುತ್ತದೆ. ಆದುದರಿಂದ ಪೇಟೆಯ ಬೀದಿಯಲ್ಲಿ ಕನ್ನಡ, ಮಲಯಾಳ, ತಮಿಳು ಮೂರೂ ಕಿವಿಗೆ ಬೀಳುತ್ತವೆ. ಮುಂಗಾರಿನ ತಿಂಗಳುಗಳಲ್ಲಿ ಬಂದರೆ ರಸ್ತೆಯ ಎರಡು ಮಗ್ಗುಲಿಗೂ ಚೆಂಡುಹೂವಿನ ಮತ್ತು ಸೂರ್ಯಕಾಂತಿಯ ಹೊಲಗಳು ಹಳದಿಯ ಹಚ್ಚಡ ಹೊದೆದಂತೆ ಕಾಣುವುವು. ನಾವು ಹೋದಾಗ ಹೂವಿನ ಕಾಲ ಮುಗಿದು ಹೊಲಗಳು ಬರಿದಾಗಿದ್ದುವು. ಅಲ್ಲಲ್ಲಿ ಹುರುಳಿಯ ಬಣವೆ, ರಾಗಿಯ ಮೆದೆ. ಊರಿನೊಳಗೆ ವಿಜಯನಾರಾಯಣಸ್ವಾಮಿಯ ಹಳೆಯ ಗುಡಿಯನ್ನು ನೋಡಿ, ಪೂರ್ವದ ಕಡೆಯ ದಾರಿ ಹಿಡಿದು, ತೆರಕಣಾಂಬಿಯ ಮೂಲಕ ಚಾಮರಾಜನಗರವನ್ನು ಸೇರಿದೆವು.

ಚಾಮರಾಜನಗರಕ್ಕೆ ಮೊದಲಿದ್ದ ಹೆಸರು ಅರಿಕುಠಾರ. ಶತ್ರುಗಳಿಗೆ ಕೊಡಲಿಯಂತಿರುವುದು ಎಂದು ಆ ಹೆಸರಿನ ಅರ್ಥ. ಮುಮ್ಮಡಿ ಕೃಷ್ಣರಾಜ ಒಡೆಯರವರು ತಮ್ಮ ತಂದೆ ಚಾಮರಾಜ ಒಡೆಯರವರು ಹುಟ್ಟಿದ ಸ್ಥಳವಿದೆಂದು ೧೮೧೮ರಲ್ಲಿ ಊರಿಗೆ ತಂದೆಯ ಹೆಸರನ್ನಿಟ್ಟರು. ೧೮೨೬ರಲ್ಲಿ ಚಾಮರಾಜೇಶ್ವರನ ದೇವಸ್ಥಾನವನ್ನು ಕಟ್ಟಿಸಿದರು. ತಂದೆ ಹುಟ್ಟಿದ ಸ್ಥಳದಲ್ಲಿ ಜನನಮಂಟಪವೂ ಇದೆ. ದೇವರ ತೇರು ನಡೆಯುವುದು ಆಷಾಢಮಾಸದಲ್ಲಿ. ಮಿಕ್ಕ ಕಡೆಗಳಲ್ಲಿ ಆಷಾಢವೆಂದರೆ ಶುಭಕಾರ್ಯಗಳಿಗೆ ವಿರಾಮ. ಹೊಸದಾಗಿ ಮದುವೆಯಾದ ಸೊಸೆ ತವರಿಗೆ ಹೋಗಿಬಿಡುವ ಕಾಲ. ಇಲ್ಲಿಯಾದರೋ ನವದಂಪತಿಗಳು ಜೋಡಿಜೋಡಿಯಾಗಿ ಬಂದು ತೇರಿಗೆ ಹಣ್ಣು ದವನ ಎಸೆಯುತ್ತಾರೆ. ಈ ತೇರು ೨೦೧೭ರಲ್ಲಿ ಬೆಂಕಿಗೆ ಸಿಕ್ಕಿ ಕೆಟ್ಟುಹೋಗಿ, ಉತ್ಸವವು ಕೆಲವು ವರ್ಷ ನಿಂತು, ಹೊಸ ತೇರಾದ ಮೇಲೆ ೨೦೨೨ರಲ್ಲಿ ಮರಳಿ ನಡೆಯಿತು.

ಈ ಸೀಮೆಯೆಲ್ಲ ಮೊದಲು ಮೈಸೂರು ಜಿಲ್ಲೆಯೊಳಗೇ ಸೇರಿದ್ದಿತು. ೧೯೯೭ರಲ್ಲಿ ಚಾಮರಾಜನಗರವು ಬೇರೆ ಜಿಲ್ಲೆಯಾಯಿತು; ನರಸೀಪುರ ತಾಲ್ಲೂಕು ಮೈಸೂರಿನಲ್ಲಿಯೇ ಉಳಿಯಿತು. ಸರ್ಕಾರದ ನಕ್ಷೆಯಲ್ಲಿ ಗೆರೆ ಬಿದ್ದಿತೇ ಹೊರತು ಜನಜೀವನದಲ್ಲಿ ಬಿದ್ದಿಲ್ಲ. ಸಂತೆ ಒಂದೇ, ಮಾತು ಒಂದೇ, ಹೆಣ್ಣು ಕೊಟ್ಟು ತರುವ ಬಳಗವೂ ಒಂದೇ. ಆದುದರಿಂದ ಕುರುಬೂರಿನ ಹುಡುಗಿ ಗೆದ್ದಳೆಂದರೆ ಚಾಮರಾಜನಗರದವರು ನಮ್ಮ ಕಡೆಯ ಹುಡುಗಿಯೆಂದು ಹೇಳಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಚಾಮರಾಜನಗರದಿಂದ ಸಂತೇಮರಹಳ್ಳಿಗೆ ಬಂದು, ಅಲ್ಲಿಂದ ಮೂಗೂರಿನ ಕಡೆಗೆ ಹೊರಟೆವು. ನೀರು ಕಂಡ ಕಡೆ ಬಾಳೆ, ಕಬ್ಬು, ಅರಿಸಿನ. ನೀರು ಕಾಣದ ಕಡೆ ಜೋಳ, ಹುರುಳಿ. ದಾರಿಯಲ್ಲಿ ಒಂದು ಹಳ್ಳಿಯ ಶಾಲೆಯ ಮುಂದೆ ಮಕ್ಕಳ ಕೂಗು ಕೇಳಿ ನಾವು ವಾಹನವನ್ನು ನಿಲ್ಲಿಸಿದೆವು. ಬಯಲಿನಲ್ಲಿ ಎರಡು ಮರದ ಕಂಬಗಳು ನೆಟ್ಟಿದ್ದುವು. ಅವುಗಳ ನಡುವೆ ಸುಣ್ಣದಿಂದ ಗೆರೆ ಎಳೆದಿದ್ದರು. ಬರಿಗಾಲಿನ ಹುಡುಗಿಯರು ಸಾಲಾಗಿ ಕುಕ್ಕರಗಾಲಿನಲ್ಲಿ ಕುಳಿತಿದ್ದರು. ‘ಖೋ!’ ಎಂಬ ಕೂಗು ಏಳುತ್ತಲೇ ಸಾಲಿನಲ್ಲಿ ಒಬ್ಬಳು ಬಾಣದಂತೆ ಚಿಮ್ಮುವಳು. ಕೆಮ್ಮಣ್ಣಿನ ದೂಳು ಮೊಳಕಾಲಿನವರೆಗೂ ಮೆತ್ತಿಕೊಂಡಿದ್ದಿತು.

ವಾಚಕರಲ್ಲಿ ಹಲವರು ಎಳವೆಯಲ್ಲಿ ಈ ಆಟವನ್ನು ಆಡಿಯೇ ಇರುವರು. ಆದರೂ ಮರೆತವರಿಗಾಗಿ ಸಂಗ್ರಹವಾಗಿ ಹೇಳುತ್ತೇವೆ. ಹಳೆಯ ಕ್ರಮದಲ್ಲಿ, ಒಂದು ಪಕ್ಷದ ಎಂಟು ಮಂದಿ ನಡುಗೆರೆಯ ಮೇಲೆ, ಒಬ್ಬರು ಈ ಕಡೆಗೆ ಒಬ್ಬರು ಆ ಕಡೆಗೆ ಮುಖಮಾಡಿ ಕುಳಿತುಕೊಳ್ಳುವರು. ಒಂಬತ್ತನೆಯವರು ಅಟ್ಟಿಸಿಕೊಂಡು ಹೋಗುವವರು. ಎದುರುಪಕ್ಷದವರು ಮೂವರು ಮೂವರಾಗಿ ಬಯಲಿಗೆ ಇಳಿಯುವರು. ಅಟ್ಟುವವರು ಒಮ್ಮೆ ಒಂದು ದಿಕ್ಕು ಹಿಡಿದರೆ ಹಿಂದಕ್ಕೆ ತಿರುಗಕೂಡದು, ನಡುಗೆರೆಯನ್ನು ದಾಟಕೂಡದು; ಕಂಬವನ್ನು ಸುತ್ತಿಕೊಂಡೇ ಆಚೆಯ ಮಗ್ಗುಲಿಗೆ ಬರಬೇಕು. ಇಲ್ಲವೆ ಕುಳಿತವರ ಬೆನ್ನನ್ನು ಮುಟ್ಟಿ ‘ಖೋ’ ಎಂದು ಕೂಗಿ ಅವರನ್ನು ಎಬ್ಬಿಸಿ ತಾವು ಅವರ ಸ್ಥಳದಲ್ಲಿ ಕುಳಿತುಕೊಳ್ಳಬೇಕು. ಓಡುವವರಿಗೆ ಈ ಕಟ್ಟುಗಳೊಂದೂ ಇಲ್ಲ. ಕುಳಿತವರ ಸಂದಿಯಲ್ಲಿ ನುಸುಳಬಹುದು, ಹಿಂದಿರುಗಬಹುದು, ಕಂಬವನ್ನು ಸುತ್ತಬಹುದು. ಆದರೆ ಅವರಿರುವುದು ಮೂವರು, ಬೆನ್ನಟ್ಟುವವರು ಒಂಬತ್ತು ಮಂದಿ. ಇಪ್ಪತ್ತೇಳು ಮೀಟರು ಉದ್ದ, ಹದಿನಾರು ಮೀಟರು ಅಗಲದ ಅಂಗಳವನ್ನು ಬಿಟ್ಟು ಹೊರಗೆ ಕಾಲಿಡುವಂತಿಲ್ಲ.

ಈ ಸಣ್ಣ ಅಂಗಳದಲ್ಲಿ ಒಂದು ನಿಮಿಷ ಸಿಕ್ಕದೆ ಇರುವುದೇ ಸಾಮಾನ್ಯರಿಗೆ ಅಸಾಧ್ಯ. ಕೇವಲ ವೇಗದಿಂದ ಇದು ಸಾಧ್ಯವಾಗುವುದಿಲ್ಲ. ಅದೇಕೆಂದರೆ ಎಷ್ಟು ವೇಗವಾಗಿ ಓಡಿದರೂ ಮುಂದೆ ಇನ್ನೊಬ್ಬಳು ಹೊಸ ಉಸಿರಿನಿಂದ ಏಳುತ್ತಾಳೆ. ಬಲ್ಲ ಆಟಗಾರ್ತಿ ಸಾಲನ್ನು ನೂಲಿನಂತೆ ಹೆಣೆಯುತ್ತ ಹೋಗುತ್ತಾಳೆ: ಅಟ್ಟುವವಳು ಎಡಕ್ಕೆ ಬಂದರೆ ತಾನು ಬಲಕ್ಕೆ, ಅವಳು ಖೋ ಕೊಡುವ ಕ್ಷಣಕ್ಕೆ ಸರಿಯಾಗಿ ಮತ್ತೆ ಎಡಕ್ಕೆ. ಕೆಲವೊಮ್ಮೆ ಕುಳಿತವರಲ್ಲಿ ಮೂರು ನಾಲ್ಕು ಜನರನ್ನೇ ಆರಿಸಿಕೊಂಡು ಅವರ ಸುತ್ತಲೂ ಉಂಗುರದಂತೆ ಸುತ್ತುತ್ತಾಳೆ. ಅಟ್ಟುವವಳ ಭುಜ ಯಾವ ಕಡೆಗೆ ವಾಲಿತು, ಕುಳಿತವರಲ್ಲಿ ಯಾರ ಹಿಮ್ಮಡಿ ನೆಲವನ್ನು ಬಿಟ್ಟಿತು ಎಂಬುದನ್ನೆಲ್ಲ ನೋಡಿಕೊಂಡು, ಉಸಿರನ್ನು ಉಳಿಸಿಕೊಂಡು, ಕೈ ಬಂದು ತಗಲಿತೆನ್ನುವಷ್ಟರಲ್ಲಿ ಸೊಂಟವನ್ನು ಬಳುಕಿಸಿ ಜಾರಿಕೊಳ್ಳುವುದೇ ಈ ವಿದ್ಯೆಯ ಸಾರ. ಪುಸ್ತಕವನ್ನು ಓದಿ ಇದನ್ನು ಕಲಿಯುವಂತಿಲ್ಲ; ಬೆಳಗೂ ಬೈಗೂ ಅಂಗಳದಲ್ಲಿಯೇ ಕಲಿಯಬೇಕು.

ಹಳ್ಳಿಯ ಆಟಕ್ಕೆ ಬರಹದ ನಿಯಮಗಳು ಬಂದುದು ಇಪ್ಪತ್ತನೆಯ ಶತಮಾನದ ಮೊದಲಲ್ಲಿ, ಪುಣೆಯ ಡೆಕ್ಕನ್ ಜಿಮಖಾನಾದವರ ಪ್ರಯತ್ನದಿಂದ. ೧೯೩೬ರಲ್ಲಿ ಬರ್ಲಿನ್ ನಗರದಲ್ಲಿ ಒಲಿಂಪಿಕ್ ಕೂಟ ನಡೆದಾಗ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಲದವರು ನಮ್ಮ ದೇಶೀಯ ಆಟಗಳನ್ನು ಅಲ್ಲಿ ಪ್ರದರ್ಶಿಸಿದರು. ಆಮೇಲೆ ಬಹುಕಾಲ ಇದು ಶಾಲೆಯ ಅಂಗಳದ ಆಟವಾಗಿಯೇ ಉಳಿಯಿತು. ಚೆಂಡು ಬೇಡ, ಬ್ಯಾಟು ಬೇಡ, ಜೋಡು ಸಹ ಬೇಡ. ಎರಡು ಕಂಬ ಮತ್ತು ಒಂದು ಹಿಡಿ ಸುಣ್ಣವಿದ್ದರೆ ಸಾಕೆಂಬ ಕಾರಣದಿಂದ ಬಡ ಶಾಲೆಗಳು ಇದನ್ನು ಬಿಡದೆ ಉಳಿಸಿಕೊಂಡುವು. ೨೦೨೨ರಲ್ಲಿ ಗಂಡಸರಿಗಾಗಿ ಹಣವುಳ್ಳ ಲೀಗ್ ಪಂದ್ಯಾವಳಿ ಆರಂಭವಾಯಿತು. ೨೦೨೫ರ ಜನವರಿಯಲ್ಲಿ ದೆಹಲಿಯ ಇಂದಿರಾಗಾಂಧಿ ಒಳಾಂಗಣದಲ್ಲಿ ವಿಶ್ವಕಪ್ಪು ನಡೆದು, ಇಪ್ಪತ್ತಕ್ಕೂ ಹೆಚ್ಚು ದೇಶಗಳವರು ಬಂದು ಆಡಿದರು.

ಊರಿನ ಶಾಲೆಯಲ್ಲಿ ಆಟವನ್ನು ಕಲಿತು ದೇಶದ ತಂಡದವರೆಗೆ ಏರಿದ ಚೈತ್ರಾ ಅವರು ಆ ಕೂಟದಲ್ಲಿ ಮಾಡಿದುದೇನೆಂಬುದನ್ನು ಹೇಳಬೇಕು. ವಿಶ್ವಕಪ್ಪಿನ ಕ್ರಮವು ಹಳೆಯದಕ್ಕಿಂತ ಚಿಕ್ಕದು: ಏಳೇಳು ನಿಮಿಷಗಳ ನಾಲ್ಕು ಸರದಿಗಳು. ಒಬ್ಬರನ್ನು ಮುಟ್ಟಿದರೆ ಎರಡು ಅಂಕ. ಓಡುವ ಮೂವರ ಗುಂಪು ಮೂರು ನಿಮಿಷ ಪೂರ್ತಿ ಔಟಾಗದೆ ಉಳಿದರೆ ಓಡುವವರಿಗೇ ಒಂದು ಅಂಕ. ಆಮೇಲೆ ಪ್ರತಿ ಅರ್ಧ ನಿಮಿಷಕ್ಕೂ ಇನ್ನೊಂದು. ಇದಕ್ಕೆ ‘ಡ್ರೀಮ್ ರನ್’ ಎಂದು ಹೆಸರು. ಕನಸಿನ ಓಟವೆಂದು ನಾವು ಹೇಳಬಹುದು. ಅಂತಿಮ ಪಂದ್ಯದ ಮೊದಲರ್ಧ ಮುಗಿದಾಗ ಭಾರತಕ್ಕೆ ೩೫, ನೇಪಾಳಕ್ಕೆ ೨೪ ಅಂಕ. ಮೂರನೆಯ ಸರದಿಯಲ್ಲಿ ನಮ್ಮವರು ಬೆನ್ನಟ್ಟಿ ೭೩ಕ್ಕೆ ಏರಿದರು. ಉಳಿದುದು ಕೊನೆಯ ಏಳು ನಿಮಿಷ. ಆಗ ಓಡಬೇಕಾದವರು ನಮ್ಮವರು. ಚೈತ್ರಾ ಮತ್ತು ಅವರ ಜೊತೆಗಾರ್ತಿಯರ ಗುಂಪು ಐದು ನಿಮಿಷಕ್ಕೂ ಮೀರಿ ಅಂಗಳದಲ್ಲಿ ನಿಂತಿತು. ಐದು ಅಂಕಗಳು ಸೇರಿ ೭೮ ಆಯಿತು. ಆ ಸರದಿಯಲ್ಲಿ ನೇಪಾಳಕ್ಕೆ ದೊರೆತುದು ಹದಿನಾರೇ ಅಂಕ. ೭೮ಕ್ಕೆ ೪೦ರಂತೆ ಪಂದ್ಯ ಮುಗಿಯಿತು. ಗಂಡಸರ ವಿಭಾಗದಲ್ಲಿಯೂ ಭಾರತವೇ ಗೆದ್ದಿತು. ಆ ತಂಡದಲ್ಲಿ ನಮ್ಮ ನಾಡಿನ ಎಂ.ಕೆ. ಗೌತಮ್ ಇದ್ದರು.

ರಕ್ಷಣೆಯ ಆಟಗಾರರೆಂದರೆ ಎಲ್ಲ ದೇಶಗಳಲ್ಲಿಯೂ ಉಂಟು. ಅಮೆರಿಕಾ ದೇಶದಲ್ಲಿ ಫುಟ್‌ಬಾಲ್ ಎಂದು ಕರೆಯುವ, ಚೆಂಡನ್ನು ಹೆಚ್ಚಾಗಿ ಕೈಯಲ್ಲಿಯೇ ಹಿಡಿದು ಓಡುವ ಆಟವೊಂದಿದೆ. ಪಕ್ಷಕ್ಕೆ ಹನ್ನೊಂದು ಮಂದಿ. ನೂರು ಗಜದ ಬಯಲು. ಅಲ್ಲಿಯ ರಕ್ಷಕನು ತಲೆಗೆ ಶಿರಸ್ತ್ರಾಣ, ಹೆಗಲಿಗೆ ದಪ್ಪನೆಯ ಕವಚ ತೊಟ್ಟು, ಚೆಂಡು ಹಿಡಿದು ಬರುವವನ ಮೇಲೆ ಬಿದ್ದು ಅವನನ್ನು ನೆಲಕ್ಕೆ ಕೆಡಹುವವನು. ನಮ್ಮ ಖೊ-ಖೊ ಆಟದ ರಕ್ಷಣೆ ಅದಕ್ಕೆ ತೀರ ವಿರುದ್ಧ. ಅಲ್ಲಿ ಹಿಡಿದು ಕೆಡಹಿದವನು ರಕ್ಷಕ. ಇಲ್ಲಿ ಯಾರನ್ನೂ ಮುಟ್ಟದೆ, ತನ್ನನ್ನೂ ಮುಟ್ಟಗೊಡದೆ ಉಳಿದವಳು ರಕ್ಷಕಿ. ಎರಡಕ್ಕೂ ಬೇಕಾದ ಧೈರ್ಯ, ಎಚ್ಚರ, ವರ್ಷಗಟ್ಟಲೆಯ ಅಭ್ಯಾಸ ಮಾತ್ರ ಒಂದೇ.

ಆದರೆ ಫಲದಲ್ಲಿ ಎಷ್ಟು ಅಂತರ! ೧೯೨೦ರಲ್ಲಿ ಆರಂಭವಾದ ಆ ದೇಶದ ವೃತ್ತಿಪರ ಲೀಗಿನಲ್ಲಿ ಈಗ ಮೂವತ್ತೆರಡು ತಂಡಗಳಿವೆ. ೨೦೨೫ರಲ್ಲಿ ಅಲ್ಲಿ ಮೊದಲ ವರ್ಷದ ಆಟಗಾರನಿಗೆ ನಿಗದಿಯಾದ ಕನಿಷ್ಠ ವಾರ್ಷಿಕ ವೇತನವೇ ಎಂಟು ಲಕ್ಷ ನಲವತ್ತು ಸಾವಿರ ಡಾಲರು. ನಮ್ಮ ಲೆಕ್ಕದಲ್ಲಿ ಏಳು ಕೋಟಿ ರೂಪಾಯಿಗೂ ಮಿಗಿಲು. ಅದೇ ವರ್ಷದ ಜನವರಿಯಲ್ಲಿ ಕರ್ನಾಟಕ ಸರ್ಕಾರವು ವಿಶ್ವಕಪ್ಪನ್ನು ಗೆದ್ದ ನಾಡಿನ ಇಬ್ಬರಿಗೂ ತಲಾ ಐದು ಲಕ್ಷ ರೂಪಾಯಿಗಳ ಬಹುಮಾನವನ್ನು ಘೋಷಿಸಿತು. ಚೈತ್ರಾ, ಗೌತಮ್ ಇಬ್ಬರೂ ಅದನ್ನು ಒಪ್ಪಿಕೊಳ್ಳಲಾರೆವೆಂದು ಬಹಿರಂಗವಾಗಿ ಹೇಳಿದರು. ನೆರೆಯ ಮಹಾರಾಷ್ಟ್ರವು ಅದೇ ತಂಡದಲ್ಲಿ ಆಡಿದ ತನ್ನವರಿಗೆ ಎರಡೂಕಾಲು ಕೋಟಿ ರೂಪಾಯಿಗಳನ್ನೂ ಸರ್ಕಾರಿ ಹುದ್ದೆಯನ್ನೂ ಕೊಡುವಾಗ ನಮಗೇಕೆ ಈ ಭೇದವೆಂಬುದು ಅವರ ಪ್ರಶ್ನೆ.

ಅಮೆರಿಕೆಯ ಲೀಗು ನೂರು ವರ್ಷಗಳ ವ್ಯಾಪಾರದಿಂದ ಬೆಳೆದದ್ದು. ಅದರ ಸಂಬಳವನ್ನು ಹಳ್ಳಿಯ ಅಂಗಳಕ್ಕೆ ಹೋಲಿಸುವುದು ಸರಿಯಲ್ಲವೆಂದು ಹೇಳಬಹುದು. ಅದು ನ್ಯಾಯವೂ ಹೌದು. ಆದರೆ ಒಂದೇ ಅಂಗಳದಲ್ಲಿ, ಒಂದೇ ತಂಡದಲ್ಲಿ, ಒಂದೇ ದಿನ ಗೆದ್ದವರ ನಡುವಣ ಹೋಲಿಕೆಯನ್ನು ತಪ್ಪೆನ್ನುವಂತಿಲ್ಲ. ರೈತನ ಮನೆಯಲ್ಲಿ ಹುಟ್ಟಿದವರು ಐದು ಲಕ್ಷ ರೂಪಾಯಿಯನ್ನು ಬೇಡವೆನ್ನುವುದು ಸುಲಭದ ಮಾತಲ್ಲ. ದುರಾಸೆಯಿಂದ ಹಾಗೆಂದರೆಂದು ನಮಗೆ ತೋರುವುದಿಲ್ಲ. ಆಡುವ ವಯಸ್ಸು ಹತ್ತು ಹನ್ನೆರಡು ವರ್ಷ. ಅದು ಮುಗಿದ ಮೇಲೆ ಜೀವನ ನಡೆಯಬೇಕಾದುದು ಉದ್ಯೋಗದಿಂದ. ಉದ್ಯೋಗದ ಭರವಸೆಯಿಲ್ಲದ ಆಟಕ್ಕೆ ಯಾವ ತಂದೆತಾಯಿ ಮಗಳನ್ನು ಕಳುಹಿಸಿಯಾರು? ಆ ಇಬ್ಬರು ಕೇಳಿದ ಪ್ರಶ್ನೆ ಅವರದು ಮಾತ್ರವಲ್ಲ. ಅವರ ಹಿಂದೆ ಬರುವವರದೂ ಹೌದು.

ಹೀಗೆ ಹಿಂದೆ ಬರುವವರನ್ನು ನಾವು ಆ ಶಾಲೆಯ ಬಯಲಿನಲ್ಲಿ ಕಣ್ಣಾರೆ ಕಂಡೆವು. ಬೇಲಿಯ ಪಕ್ಕದಲ್ಲಿ ಒಬ್ಬ ಮುದುಕಿ ಮೇಕೆಯ ಹಗ್ಗ ಹಿಡಿದು ನಿಂತು ಆಟವನ್ನೇ ನೋಡುತ್ತಿದ್ದಳು.

“ಮೊಮ್ಮಗಳು ಆಡುತ್ತಾಳೇನಮ್ಮ?” ಎಂದು ಕೇಳಿದೆವು.

“ಊಂ ಬುದ್ಧಿ, ಆ ಕಂಬದ ತಾವು ಓಡ್ತಾವಳಲ್ಲ, ಅವಳೇಯ. ಹಟ್ಟೀಲಿ ಒಂದ್ ಕೊಡ ನೀರ್ ತತ್ತಾ ಅಂದ್ರ ಮಕ ಊದಿಸ್ತಳ. ಇಲ್ಲಿ ನೋಡಿ, ಕಾಲು ನೆಲುಕ್ಕ ತಾಕ್ದಂಗ ಓಡ್ತಳ.”

“ಮುಂದೆಯೂ ಆಡಿಸುತ್ತೀರಾ?”

ಮುದುಕಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಬರೋ ವರ್ಸ ಎಸ್ಸೆಲ್ಸಿ. ದೊಡ್ಡವಳಾದ್ಲು, ಇನ್ ಮೈದಾನ ಬ್ಯಾಡ ಅಂತನ ಅವರಪ್ಪ. ನಂಗೇನೋ ಆಡ್ಲಿ ಅಂತ್ಲೇ ಆಸ. ನಮ್ ಮಾತ ಯಾರು ಕೇಳರು?”

ಶಾಲೆಯ ಮೇಷ್ಟರೂ ಇದನ್ನೇ ಬೇರೆ ಮಾತಿನಲ್ಲಿ ಹೇಳಿದರು. “ಕಲಿಸುವುದು ಕಷ್ಟವಲ್ಲ ಸ್ವಾಮಿ, ಉಳಿಸಿಕೊಳ್ಳುವುದು ಕಷ್ಟ. ಎಂಟನೆಯ ತರಗತಿಯಲ್ಲಿ ಹದಿನೈದು ಹುಡುಗಿಯರು ಬಂದರೆ ಹತ್ತನೆಯದರಲ್ಲಿ ಐವರು ನಿಂತರೆ ಹೆಚ್ಚು. ಪಂದ್ಯಕ್ಕೆ ಬೇರೆ ಊರಿಗೆ ಕರೆದುಕೊಂಡು ಹೋಗಬೇಕಾದರೆ ಮನೆಮನೆಗೂ ಹೋಗಿ ಕೈಮುಗಿಯಬೇಕು. ದೆಹಲಿಯ ಪಂದ್ಯವಾದ ಮೇಲೆ ಒಂದು ಅನುಕೂಲವಾಗಿದೆ. ‘ಚೈತ್ರಾ ಯಾರು ಗೊತ್ತೇನ್ರಪ್ಪಾ?’ ಎಂದು ಕೇಳುತ್ತೇನೆ. ಮಾತು ಅಲ್ಲಿಗೆ ಅರ್ಧ ಗೆದ್ದಂತೆ.”

ಅಲ್ಲಿಂದ ಮುಂದೆ ಮೂಗೂರಿನ ತ್ರಿಪುರಸುಂದರಿಯ ಗುಡಿಗೆ ಹೊರಗಿನಿಂದಲೇ ಕೈಮುಗಿದು ನರಸೀಪುರಕ್ಕೆ ಬಂದೆವು. ಕಾವೇರಿ ಕಪಿಲೆಯರು ಇಲ್ಲಿ ಕೂಡುತ್ತಾರೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರಿ ತ್ರಿವೇಣಿಯಾಯಿತೆಂದು ನಂಬಿಕೆ. ೧೯೮೯ರಿಂದ ಮೂರು ವರ್ಷಕ್ಕೊಮ್ಮೆ ಇಲ್ಲಿ ಕುಂಭಮೇಳ ನಡೆಸುವ ಪದ್ಧತಿ ಬಂದಿದೆ. ನದಿಯ ದಡದಲ್ಲಿ ಗುಂಜಾನರಸಿಂಹಸ್ವಾಮಿಯ ದೇವಸ್ಥಾನ. ಸಂಗಮದಲ್ಲಿ ಕೈಕಾಲು ತೊಳೆದು, ಇಳಿಹೊತ್ತಿನಲ್ಲಿ ಕುರುಬೂರನ್ನು ತಲಪಿದೆವು. ವಿಶ್ವವನ್ನು ಗೆದ್ದವರ ಊರೆಂದು ಬೇರೆ ಗುರುತೇನನ್ನೂ ನಾವು ಹುಡುಕಲಿಲ್ಲ. ಹೊಲದಿಂದ ದನ ಹೊಡೆದುಕೊಂಡು ಬರುವವರು, ಸೊಸೈಟಿಗೆ ಹಾಲು ಹಾಕಲು ಹೊರಟವರು, ಬೀದಿಯಲ್ಲಿ ಕುಂಟಾಬಿಲ್ಲೆ ಆಡುವ ಮಕ್ಕಳು; ನಮ್ಮ ಎಲ್ಲ ಊರುಗಳಂತೆಯೇ ಅದೂ ಒಂದು ಊರು. ಇದನ್ನು ಕಂಡು ನಮಗೆ ನಿರಾಶೆಯಾಗಲಿಲ್ಲ, ಸಂತೋಷವೇ ಆಯಿತು. ವಿಶೇಷವಾದ ಮಣ್ಣೋ ನೀರೋ ಇಲ್ಲಿ ಇದ್ದಿದ್ದರೆ ಉಳಿದ ಊರುಗಳವರು ಕೈಚೆಲ್ಲಿ ಕೂರಬಹುದಾಗಿದ್ದಿತು. ಇರುವುದು ಎಲ್ಲ ಕಡೆಯಂತಹ ಮಣ್ಣೇ. ಹೆಚ್ಚಾಗಿದ್ದುದು ಕಲಿಸುವವರ ಶ್ರದ್ಧೆ, ಕಲಿಯುವವಳ ಛಲ, ಕಳುಹಿಸಿಕೊಟ್ಟ ಮನೆಯವರ ಧೈರ್ಯ; ಈ ಮೂರು.

ಈ ಮೂರರಲ್ಲಿ ಮೊದಲನೆಯದು ಶಾಲೆಗಳಿಗೆ ಸೇರಿದ್ದು, ಎರಡನೆಯದು ಮಕ್ಕಳಿಗೆ ಸೇರಿದ್ದು. ಮೂರನೆಯದು ಮಾತ್ರ ಈ ಪತ್ರಿಕೆಯನ್ನು ಕೈಯಲ್ಲಿ ಹಿಡಿದಿರುವ ಗೃಹಸ್ಥರಿಗೂ ಗೃಹಿಣಿಯರಿಗೂ ಸೇರಿದ್ದು. ಸರ್ಕಾರವು ಬಹುಮಾನದ ಮೊತ್ತವನ್ನು ಏರಿಸಲಿ, ಉದ್ಯೋಗ ಕೊಡಲಿ, ಕೊಡಬೇಕಾದುದೇ ನ್ಯಾಯ. ಆದರೆ ಹದಿನಾಲ್ಕನೆಯ ವಯಸ್ಸಿನಲ್ಲಿ ಮನೆಯವರೇ ‘ಇನ್ನು ಸಾಕು’ ಎಂದು ಕೂರಿಸಿಬಿಟ್ಟ ಹುಡುಗಿಗೆ ಯಾವ ಸರ್ಕಾರದ ಯಾವ ಬಹುಮಾನವೂ ತಲಪುವುದಿಲ್ಲ. ಆಟದ ನಿಯಮವನ್ನೇ ನೋಡಿರಿ. ಕುಳಿತವಳು ಎದ್ದು ಓಡಬೇಕಾದರೆ ಹಿಂದಿನಿಂದ ಯಾರಾದರೂ ಬೆನ್ನು ಮುಟ್ಟಿ ‘ಖೋ’ ಎನ್ನಲೇಬೇಕು, ತಾನಾಗಿ ಏಳುವಂತಿಲ್ಲ. ಮಗಳು ಹತ್ತನೆಯ ತರಗತಿಗೆ ಬಂದ ಮನೆಗಳಲ್ಲಿ ಆ ಮಾತನ್ನು ಹೇಳುವವರು ಯಾರೆಂಬುದನ್ನು ಒಂದು ಸಂಜೆ ಮನೆಮಂದಿಯೆಲ್ಲ ಕೂತು ಯೋಚಿಸಬೇಕೆಂದು ನಮ್ಮ ವಿನಂತಿ.